ಬಾವು ಬಂದ ಕಾಲಿಗೆ ಬಿಗಿಪಟ್ಟಿಯ ಆಸರೆ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಯಲ್ಲಿ ನಾಡುನುಡಿಯ ವಿಚಾರ ಬಿಟ್ಟು ಕಾಲುಬಾವಿನ ಮಾತೆತ್ತುವುದು ಉಚಿತವೇ ಎಂದು ತಮ್ಮಲ್ಲಿ ಕೆಲವರಿಗೆ ಅನಿಸೀತು. ನಾನು ವೈದ್ಯನಲ್ಲ, ಬ್ಯಾಂಕಿನಲ್ಲಿ ಲೆಕ್ಕ ಬರೆಯುವವನು. ಆದರೆ ನಮ್ಮ ತಾಯಿಯವರು ಹಲವು ವರ್ಷ ಈ ಸಭೆಗೆ ಬರಲಿಲ್ಲ. ಅವರ ಎಡಗಾಲಿಗೆ ಆನೆಕಾಲು ರೋಗದ ಬಾವು. ಸೀರೆಯ ನೆರಿಗೆ ಕಾಲನ್ನೇನೋ ಮುಚ್ಚುತ್ತಿತ್ತು. ಆದರೆ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು. ನಾಲ್ಕು ಜನ ಅದನ್ನು ನೋಡುವರೆಂಬ ಸಂಕೋಚದಿಂದಲೇ ಅವರು ಮನೆ ಹಿಡಿದು ಕುಳಿತರು. ಇಂಥವರು ನಮ್ಮಲ್ಲಿ ಇನ್ನೂ ಇರಬಹುದೆಂದೇ ಈ ಮಾತು.

ನಮ್ಮೂರು ಕಲಬುರಗಿಯ ಕಡೆ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಜಿಲ್ಲೆಗಳಲ್ಲೂ ಕರಾವಳಿಯಲ್ಲೂ ಈ ರೋಗ ಹಳೆಯದು. ಕೊಳಚೆ ನೀರಿನ ಸೊಳ್ಳೆಯ ಮೂಲಕ ನೂಲಿನಂಥ ಹುಳು ದೇಹವನ್ನು ಸೇರಿ ದುಗ್ಧನಾಳಗಳಲ್ಲಿ ನೆಲೆಸುತ್ತದೆ. ರಕ್ತನಾಳಗಳಿಂದ ಹೊರಗೆ ಜಿನುಗಿದ ದ್ರವವನ್ನು ಮರಳಿ ರಕ್ತಕ್ಕೆ ಸೇರಿಸುವುದು ಈ ನಾಳಗಳ ಕೆಲಸ. ಅವು ಕೆಟ್ಟರೆ ದ್ರವ ಅಲ್ಲಿಯೇ ನಿಂತು ಕಾಲು ಊದುತ್ತದೆ, ಚರ್ಮ ದಪ್ಪವಾಗುತ್ತದೆ. 2004ರಿಂದ ಸರಕಾರ ಊರೂರಿನಲ್ಲಿ ನುಂಗಿಸುತ್ತ ಬಂದಿರುವ ಗುಳಿಗೆ ರೋಗ ಹರಡುವುದನ್ನು ತಡೆಯುತ್ತದೆ. ಆದರೆ ಕೆಟ್ಟ ನಾಳವನ್ನು ಅದು ಸರಿಪಡಿಸಲಾರದು. ಸ್ತನದ ಕ್ಯಾನ್ಸರಿಗಾಗಿ ಕಂಕುಳಿನ ಗ್ರಂಥಿಗಳನ್ನು ತೆಗೆಸಿಕೊಂಡ ಕೆಲವು ಹೆಂಗಸರಿಗೆ ತೋಳು ಊದುವುದೂ ದ್ರವದ ದಾರಿ ಕಟ್ಟಿಯೇ.

ಹಾಗಾದರೆ ಉಪಾಯವೇನು? ಹೊರಗಿನಿಂದ ಒತ್ತಡ. ಕಾಲಿನ ಸುತ್ತ ಬಿಗಿಯಾದ ಗೋಡೆಯೊಂದಿದ್ದರೆ, ನಡೆಯುವಾಗ ಮೀನಖಂಡವು ನಿಂತ ದ್ರವವನ್ನು ಮೇಲಕ್ಕೆ ದೂಡುತ್ತದೆ. ಒತ್ತಡ ಹರಡಿನ ಬಳಿ ಹೆಚ್ಚು, ಮೇಲೇರಿದಂತೆ ಕಡಿಮೆ ಇರಬೇಕು. ಮೊದಲು ಪಟ್ಟಿ ಸುತ್ತಿ ಬಾವನ್ನು ಇಳಿಸುವುದು. ಇಳಿದ ಮೇಲೆ ಅಳತೆಯ ಬಿಗಿ ಕಾಲುಚೀಲ ತೊಟ್ಟು ಅದನ್ನು ಕಾಪಾಡುವುದು.

1956ರ ನವೆಂಬರ್ 1ರಂದು ನಾಡು ಒಂದಾದಾಗ ಹೊರಗುಳಿದ ಕಾಸರಗೋಡನ್ನು ನಾವು ನೋವಿನಿಂದ ನೆನೆಯುತ್ತೇವೆ. ಹೆಮ್ಮೆಯಿಂದ ನೆನೆಯಲೂ ಕಾರಣವಿದೆ. ಅಲ್ಲಿಯ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ಡಾ. ಎಸ್. ಆರ್. ನರಹರಿಯವರೂ ಅವರ ಸಂಗಡಿಗರೂ ಕಾಲು ತೊಳೆಯುವುದು, ಆಯುರ್ವೇದದ ಮದ್ದಿನ ನೀರಿನಲ್ಲಿ ನೆನೆಸುವುದು, ಯೋಗ, ಬಿಗಿಪಟ್ಟಿ ಇವನ್ನೆಲ್ಲ ಆಧುನಿಕ ವೈದ್ಯದೊಡನೆ ಹೊಂದಿಸಿದ್ದಾರೆ. ಈ ಕ್ರಮವನ್ನು ಕಲಬುರಗಿ ಮತ್ತು ಆಲಪ್ಪುಳ ಜಿಲ್ಲೆಗಳ ಜನರಲ್ಲಿ ನಡೆಸಿ, 700ಕ್ಕೂ ಮಿಕ್ಕಿದ ರೋಗಿಗಳ ಫಲಿತವನ್ನು 2013ರಲ್ಲಿ ಪ್ರಕಟಿಸಿದರು. ಕಾಲಿನ ಗಾತ್ರ ಇಳಿದಿತ್ತು. ದೊಡ್ಡ ಆಸ್ಪತ್ರೆಯ ಹಾಸಿಗೆ ಇಲ್ಲದೆಯೂ ಮನೆಯಲ್ಲಿ ಮಾಡಬಹುದಾದ ಕೆಲಸವಿದು.

ನಾವು ಮಾತ್ರ ಮೊದಲು ತಪ್ಪು ಹೆಜ್ಜೆ ಇಟ್ಟೆವು. ಸಂಜೆ ಊದಿದ ಕಾಲನ್ನು ಅಳೆದು ಕಾಲುಚೀಲ ತಂದೆವು. ಅದು ಸಡಿಲಾಗಿ ಜಾರಿತು. ಜಾರದಿರಲೆಂದು ತಾಯಿ ಮೇಲಿನ ಅಂಚನ್ನು ಮಡಿಚಿದರು. ಅದು ಮೊಣಕಾಲ ಕೆಳಗೆ ಹಗ್ಗದಂತೆ ಕಚ್ಚಿತು. ಠಾಕುರ್ಲಿಯ ಮೇ ತಿಂಗಳ ಬೆವರು ಬೇರೆ. “ಇದು ಬೇಡಪ್ಪಾ, ಕಾಲು ಹ್ಯಾಂಗಿದ್ದರ ಹಾಂಗಿರಲಿ” ಎಂದು ತೆಗೆದಿಟ್ಟರು. ಬಲ್ಲವರ ಕೈಯಿಂದ ಪಟ್ಟಿ ಸುತ್ತಿಸಿ, ಬಾವು ಇಳಿಸಿ, ಬೆಳಿಗ್ಗೆ ಅಳತೆ ಕೊಟ್ಟ ಮೇಲೆಯೇ ಸರಿಹೋದದ್ದು.

ಅವರಿಂದ ಕಲಿತ ಕ್ರಮ ಇಷ್ಟು. ಬೆಳಿಗ್ಗೆ ಎದ್ದೊಡನೆ, ಕಾಲು ಊದುವ ಮೊದಲೇ ತೊಡಬೇಕು. ರಾತ್ರಿ ವೈದ್ಯರು ಹೇಳಿದಂತೆ ಕಳಚಬೇಕು. ಸುಕ್ಕು, ಮಡಿಕೆ ಇರಕೂಡದು. ರಬ್ಬರಿನ ಕೈಚೀಲ ಹಾಕಿಕೊಂಡರೆ ಎಳೆಯುವುದು ಸುಲಭ. ದಿನವೂ ಒಗೆದು ನೆರಳಿನಲ್ಲಿ ಒಣಗಿಸಬೇಕು. ಸುಮಾರು ಆರು ತಿಂಗಳಿಗೆ ಅದರ ಬಿಗಿ ಹೋಗುತ್ತದೆ, ಹೊಸದನ್ನು ಕೊಳ್ಳಲೇಬೇಕು. ಕಾಲನ್ನು ಸಾಬೂನಿನಿಂದ ತೊಳೆದು ಬೆರಳ ಸಂದಿಗಳನ್ನು ಒರಸಬೇಕು. ಅಲ್ಲಿಯ ಬಿರುಕಿನಿಂದಲೇ ರೋಗಾಣು ನುಗ್ಗಿ ಚಳಿಜ್ವರ ಬರುವುದು, ಪ್ರತಿ ಜ್ವರಕ್ಕೂ ಬಾವು ಹೆಚ್ಚುವುದು.

ಒಂದು ಎಚ್ಚರಿಕೆ. ಗಂಟೆಗಟ್ಟಲೆ ಲೋಕಲ್ಲಿನಲ್ಲಿ ನಿಂತು ಸಂಜೆ ಪಾದ ಊದಿದವರೆಲ್ಲ ತಾವಾಗಿಯೇ ಕಾಲುಚೀಲ ಕೊಳ್ಳಬಾರದು. ಬಾವಿಗೆ ಹೃದಯ, ಮೂತ್ರಪಿಂಡ, ಅಶುದ್ಧ ರಕ್ತನಾಳ ಹೀಗೆ ಕಾರಣಗಳು ಹಲವು. ಕಾಲಿಗೆ ರಕ್ತ ಸಾಲದವರಿಗೂ, ಸಕ್ಕರೆ ರೋಗದಿಂದ ಪಾದ ಮರಗಟ್ಟಿದವರಿಗೂ ಈ ಬಿಗಿಯೇ ಅಪಾಯ ತಂದೀತು. ಮೊದಲು ವೈದ್ಯರ ಪರೀಕ್ಷೆ, ಆಮೇಲೆ ಕಾಲುಚೀಲ.

ಬ್ಯಾಂಕಿನಲ್ಲಿ ದಿನದ ಲೆಕ್ಕವನ್ನು ದಿನವೇ ಮುಗಿಸುತ್ತೇವೆ, ನಾಳೆಗೆಂದರೆ ತಾಳೆಯಾಗುವುದಿಲ್ಲ. ಈ ಬಾವೂ ಹಾಗೆಯೇ. ಇದು ಗುಣವಾಗಿ ಮುಗಿಯುವ ಕಾಯಿಲೆಯಲ್ಲ, ದಿನದಿನವೂ ಹತೋಟಿಯಲ್ಲಿಡಬೇಕಾದದ್ದು. ಅದಕ್ಕೆ ಮನೆಯವರ ಕೈ ಬೇಕು. ವಯಸ್ಸಾದವರು ಬಗ್ಗಿ ತಾವೇ ತೊಡಲಾರರು. ನಾನು ಬೆಳಗಿನ ಗಾಡಿ ಹಿಡಿಯುವ ಮುನ್ನ ಹತ್ತು ನಿಮಿಷ ತಾಯಿಯ ಕಾಲಬಳಿ ಕೂರುತ್ತೇನೆ.

ತಾಯಿಯವರು ಇಂದು ಸಭೆಗೆ ಬಂದಿದ್ದಾರೆ. ಅವರ ಚಪ್ಪಲಿಗಳಲ್ಲಿ ಒಂದು ಈಗಲೂ ತುಸು ದೊಡ್ಡದೇ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಬಾವನ್ನು ಮುಚ್ಚಿಕೊಂಡು ಕುಳಿತವರಿದ್ದರೆ ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ. ಮುಂದಿನ ವರ್ಷ ಈ ಸಭೆಗೂ ಕರೆತನ್ನಿರಿ ಎಂದು ಬೇಡಿ, ನನ್ನ ಮಾತನ್ನು ಮುಗಿಸುತ್ತೇನೆ.