ಹಿಂಸಾದಾನ ಮತ್ತು ಹೂಡಿಕೆ



1816ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಎಲಿಫಲೆಟ್ ರೆಮಿಂಗ್ಟನ್ ಆರಂಭಿಸಿದ ಕೋವಿ ತಯಾರಿಕೆ ಮುಂದೆ ಅವನದೇ ಹೆಸರಿನ ಕಂಪನಿಯಾಗಿ ಬೆಳೆಯಿತು. 1962ರಲ್ಲಿ ಅದು ಹೊರತಂದ ಮಾಡೆಲ್ 700 ರೈಫಲ್ ಮತ್ತು 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್ ತೋಟಾ ಬೇಟೆಗಾರರಲ್ಲಿ ಮನೆಮಾತಾದವು.

2007ರಲ್ಲಿ ಸರ್ಬೆರಸ್ ಎಂಬ ಹೂಡಿಕೆ ಸಂಸ್ಥೆ ಆ ಕಂಪನಿಯನ್ನು ಕೊಂಡಿತು. ಸರ್ಬೆರಸ್‌ನಲ್ಲಿ ಕ್ಯಾಲಿಫೋರ್ನಿಯಾದ ಶಿಕ್ಷಕರ ಪಿಂಚಣಿ ನಿಧಿಯ ಹಣವೂ ಇತ್ತು. 2012ರ ಡಿಸೆಂಬರ್ 14ರಂದು ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳೂ 6 ಮಂದಿ ಸಿಬ್ಬಂದಿಯೂ ಹತರಾದರು. ಬಳಕೆಯಾದ ಬುಷ್‌ಮಾಸ್ಟರ್ ರೈಫಲ್ ಅದೇ ಸರ್ಬೆರಸ್‌ನ ಒಡೆತನದ ಸಮೂಹದ್ದು. ಶಿಕ್ಷಕರ ಉಳಿತಾಯಕ್ಕೆ ಆ ಸಮೂಹದಲ್ಲಿ ಪರೋಕ್ಷ ಪಾಲಿತ್ತು. ನಿಧಿಯು ತನ್ನ ಹೂಡಿಕೆಯನ್ನು ಮರುಪರಿಶೀಲಿಸುವುದಾಗಿ ಹೇಳಿತು. ದುರಂತದ ನಾಲ್ಕೇ ದಿನಗಳಲ್ಲಿ ಸರ್ಬೆರಸ್ ಆ ಸಮೂಹವನ್ನು ಮಾರುವುದಾಗಿ ಘೋಷಿಸಿತು. ಮೊದಲೇ ಕೇಳಬೇಕಿದ್ದ ಪ್ರಶ್ನೆಯನ್ನು ನಿಧಿ ಹೆಣಗಳು ಬಿದ್ದ ಮೇಲೆ ಕೇಳಿತು. ರೆಮಿಂಗ್ಟನ್ 2018ರಲ್ಲಿಯೂ 2020ರಲ್ಲಿಯೂ ದಿವಾಳಿ ರಕ್ಷಣೆಗೆ ಮೊರೆಹೋಯಿತು.

ಆಯುಧ ಕೊಡುವುದನ್ನು ಶ್ರಾವಕಾಚಾರವು ಹಿಂಸಾದಾನವೆಂದು, ಅನರ್ಥದಂಡವೆಂದು ನಿಷೇಧಿಸುತ್ತದೆ. ಇಂದಿನ ಶ್ರಾವಕನು ಯಾರ ಕೈಗೂ ಕೋವಿ ಕೊಡುವುದಿಲ್ಲ, ನಿಜ. ಆದರೆ ಮ್ಯೂಚುವಲ್ ಫಂಡಿಗೆ ಹಣ ಕೊಡುತ್ತಾನೆ. ಆ ಹಣ ಯಾವ ಕಂಪನಿಗಳಿಗೆ ಹೋಯಿತೆಂಬ ಪಟ್ಟಿ ನಮ್ಮ ದೇಶದಲ್ಲಿ ಪ್ರತಿ ತಿಂಗಳೂ ಪ್ರಕಟವಾಗುತ್ತದೆ. ಅದನ್ನು ಓದುವವರು ವಿರಳ. ನೀರನ್ನು ಸೋಸಿ ಕುಡಿಯುವ ಮನೆಗಳಲ್ಲಿ ಹಣವನ್ನೂ ಸೋಸುವ ರೂಢಿ ಬರಲಿ.