ಕೆಲಸ ಹೋಯ್ತು, ಹಕ್ಕು ಹೋಗಿಲ್ಲ

ಮೊನ್ನೆ ನಮ್ಮ ಕೌಂಟರಿಗೆ ಒಬ್ಬ ಹುಡುಗ ಬಂದ. "ಅಣ್ಣಾ, ನಿರುದ್ಯೋಗ ಭತ್ಯೆ ಬಂದಿದೆಯಾ ನೋಡಿ" ಅಂದ. ಬಂದಿರಲಿಲ್ಲ. ನಾಲ್ಕು ವರ್ಷ ಸರಕಾರಿ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ ಮಾಡಿದವ. ಏಜೆನ್ಸಿಯ ಗುತ್ತಿಗೆ ಮುಗಿಯಿತು, ಮನೆಗೆ ಕಳಿಸಿದರು. ಕಾಸರಗೋಡಾಗಲಿ, ತಾಳವಾಡಿಯಾಗಲಿ, ಜತ್ತ ಆಗಲಿ, ಇದು ನಮ್ಮ ಎಷ್ಟೋ ಹುಡುಗರ ಕತೆ.

ಒಂದು ಮಾತು ಸ್ಪಷ್ಟ ಇರಲಿ. ಕಾಯಂ ಸರಕಾರಿ ನೌಕರರಿಗೆ ಇಎಸ್ಐ ಇಲ್ಲ, ಹಾಗಾಗಿ ಈ ಭತ್ಯೆಯೂ ಇಲ್ಲ. ಆದರೆ ಏಜೆನ್ಸಿ ಮೂಲಕ ದುಡಿದವರ ಸಂಬಳದಲ್ಲಿ ಇಎಸ್ಐ ಕಡಿತ ಆಗಿದ್ದರೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಇದೆ. 2018ರ ಜುಲೈ 1ರಂದು ಶುರುವಾಯಿತು. ಅವಧಿಯನ್ನು ಆಗಾಗ ವಿಸ್ತರಿಸುತ್ತಾರೆ, ಈಗ ಜಾರಿಯಲ್ಲಿದೆಯಾ ಅಂತ ಇಎಸ್ಐ ಶಾಖೆಯಲ್ಲಿ ಮೊದಲೇ ಕೇಳಿಕೊಳ್ಳಿ.

ಸರಾಸರಿ ದಿನಗೂಲಿಯ ಶೇ. 50, ಹೆಚ್ಚೆಂದರೆ 90 ದಿನ, ಜೀವಮಾನದಲ್ಲಿ ಒಂದೇ ಸಲ. ತಿಂಗಳಿಗೆ 15,000 ಸಂಬಳ ಇದ್ದವನಿಗೆ ಮೂರು ತಿಂಗಳಲ್ಲಿ ಸುಮಾರು 22,500. ಕನಿಷ್ಠ 2 ವರ್ಷ ವಿಮೆಗೆ ಒಳಪಟ್ಟ ಕೆಲಸ ಮಾಡಿರಬೇಕು. ಕೆಲಸ ಹೋಗುವ ಮುಂಚಿನ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು. ದುರ್ನಡತೆಗಾಗಿ ತೆಗೆದವರಿಗೆ, ಸ್ವಯಂ ನಿವೃತ್ತಿ ತೆಗೆದುಕೊಂಡವರಿಗೆ ಸಿಗದು. ಕೆಲಸ ಹೋಗಿ 30 ದಿನ ಆದ ಮೇಲೆ ಅರ್ಜಿ. ಏಜೆನ್ಸಿಯವರ ಹಿಂದೆ ಅಲೆಯಬೇಕಾಗಿಲ್ಲ, ನೀವೇ ಹಾಕಬಹುದು.

ಹಾಗಾದರೆ ಆ ಹುಡುಗನ ಹಣ ಎಲ್ಲಿ ನಿಂತಿತು? ಹೆಸರಲ್ಲಿ! ಆಧಾರಿನಲ್ಲಿ ಅಪ್ಪನ ಹೆಸರು ಪೂರ್ತಿ, ಪಾಸ್‌ಬುಕ್ಕಿನಲ್ಲಿ ಬರೀ ಇನಿಶಿಯಲ್, ಇಎಸ್ಐನಲ್ಲಿ ಏಜೆನ್ಸಿಯವ ಕಿವಿಗೆ ಬಿದ್ದ ಹಾಗೆ ಬರೆದದ್ದು. ನಮ್ಮ ಕನ್ನಡದ ಹೆಸರುಗಳು ಬೇರೆ ಭಾಷೆಯ ಕಚೇರಿ ದಾಟಿ ಬರುವಾಗ ಹೀಗೆ ಮುರಿಯುತ್ತವೆ. ಕೆಲಸದಲ್ಲಿ ಇರುವಾಗಲೇ ಮೂರನ್ನೂ ಒಂದೇ ಮಾಡಿಸಿ. ಕೆಲಸ ಹೋದ ಮೇಲೆ ಏಜೆನ್ಸಿಯವರು ಫೋನ್ ಎತ್ತುವುದಿಲ್ಲ. ಸಂಬಳದ ಚೀಟಿ, ಗುತ್ತಿಗೆ ಆದೇಶದ ಪ್ರತಿ, ವಿಮಾ ಸಂಖ್ಯೆ ಜೋಪಾನ ಮಾಡಿ.

ಅರ್ಜಿ ತಿರಸ್ಕಾರವಾದರೆ ಸುಮ್ಮನೆ ಕೂರಬೇಡಿ, ದೂರು ಬರೆಯಿರಿ. ಇಂಗ್ಲಿಷ್ ಬರುವುದಿಲ್ಲ ಅಂತ ಹೆದರಬೇಡಿ, ಕನ್ನಡದಲ್ಲೇ ಬರೆಯಿರಿ. ಕುಂದುಕೊರತೆಯ ಮನವಿಯನ್ನು ದೇಶದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೇಂದ್ರದ ಅಧಿಕಾರಿಗೆ ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ. ಇಎಸ್ಐ ಕೇಂದ್ರದ ಸಂಸ್ಥೆ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಮಾತ್ರ ಕಚೇರಿಯಿಂದ ಹೊರಗೆ ಬರಬೇಡಿ.

ಆ ಹುಡುಗ ಪಾಸ್‌ಬುಕ್ಕಿನ ಹೆಸರು ತಿದ್ದಿಸಿಕೊಂಡು ಹೋಗಿದ್ದಾನೆ. ಇಎಸ್ಐನದು ಇನ್ನೂ ಬಾಕಿ. ನಿಮ್ಮ ಪಕ್ಕದ ಮನೆಯಲ್ಲೂ ಇಂಥವರು ಇರಬಹುದು. ಇವತ್ತೇ ಹೋಗಿ ಹೇಳಿ.