ಹಳತಾಗುವ ಕೈಪಿಡಿ



ನಮ್ಮ ಮನೆಗಳ ಅನೇಕ ಮಕ್ಕಳು ಇಂದು ‘ಕ್ಲೌಡ್’ ಸೇವೆಗಳಲ್ಲಿ ದುಡಿಯುತ್ತಿದ್ದಾರೆ. ಹೆಸರಿಗೆ ಮೋಡವಾದರೂ ಅದು ಜನರ ದತ್ತಾಂಶವನ್ನು ದೂರದ ಕಂಪ್ಯೂಟರುಗಳಲ್ಲಿ ಕಾಯ್ದಿಡುವ ಉಗ್ರಾಣ. ಆ ಉಗ್ರಾಣದ ಕೈಪಿಡಿಯನ್ನು ಕುರಿತು ನಾವು ನಾಲ್ಕು ಮಾತು ಹೇಳಬಯಸುತ್ತೇವೆ.

2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರೊಬ್ಬರು ಬೇರೆ ಯಂತ್ರವೆಂದು ಭ್ರಮಿಸಿ ಮುಖ್ಯ ದತ್ತಾಂಶವನ್ನೇ ಅಳಿಸಿಬಿಟ್ಟರು. ಬ್ಯಾಕಪ್ ಇರಬೇಕಾದ ಜಾಗ ನೋಡಿದರೆ ಬರಿದು! ದತ್ತಾಂಶದ ತಂತ್ರಾಂಶ 9.6ನೆಯ ಆವೃತ್ತಿಗೆ ಏರಿತ್ತು. ಪ್ರತಿ ತೆಗೆಯುವ ಸಾಧನ ಮಾತ್ರ 9.2ರದಾಗಿದ್ದು, ದಿನವೂ ಸೋಲುತ್ತಿತ್ತು. ಸೋಲನ್ನು ತಿಳಿಸುವ ಈ-ಮೇಲ್‌ಗಳೂ ತಲುಪುತ್ತಿರಲಿಲ್ಲ. ಜೋಡಿ ಪ್ರತಿ ಇರಿಸುವ ಕ್ರಮವನ್ನು ಸರಿಯಾಗಿ ಬರೆದಿಟ್ಟಿರಲಿಲ್ಲವೆಂದು ಸಂಸ್ಥೆಯೇ ಬಹಿರಂಗವಾಗಿ ಒಪ್ಪಿತು. (ಹಾಗೆ ಒಪ್ಪುವವರು ಎಷ್ಟು ಮಂದಿ?) ಸುಮಾರು 6 ಗಂಟೆ ಮೊದಲು ಬೇರಾವುದೋ ಕೆಲಸಕ್ಕೆಂದು ತೆಗೆದಿದ್ದ ಪ್ರತಿಯೊಂದು ಕೈಹಿಡಿಯಿತು; ನಡುವೆ ಸೇರಿದ ಟಿಪ್ಪಣಿಗಳೂ ಹೊಸ ಖಾತೆಗಳೂ ಹೋದುವು.

ಕೈಪಿಡಿ ತಿದ್ದುವುದು ಬಿಡುವಿನ ವೇಳೆಯ ಕೆಲಸವೆಂಬ ಭಾವನೆ ನಮ್ಮಲ್ಲಿ ಉಂಟು. ಹಾಗಲ್ಲ. ತಂತ್ರಾಂಶ ಬದಲಾದ ದಿನವೇ ಪುಟವೂ ಬದಲಾಗತಕ್ಕದ್ದು. ಪ್ರತಿ ಪುಟದ ಹೊಣೆ ಒಬ್ಬರ ಹೆಸರಿಗಿರಬೇಕು. ಆಗಾಗ್ಗೆ, ಬರೆದವರಲ್ಲದ ಹೊಸಬರೊಬ್ಬರು ಅದನ್ನೇ ಓದುತ್ತ ಒಂದು ಬ್ಯಾಕಪ್ಪನ್ನು ನಿಜವಾಗಿ ಮರಳಿ ತಂದು ನೋಡಬೇಕು. ಅವರು ಯಾವ ಸಾಲಿನಲ್ಲಿ ತಡವರಿಸಿದರೋ ಅದನ್ನು ಅಂದೇ ತಿದ್ದಬೇಕು.